ಇಂಟರ್ನೆಟ್ ಕಂಪನಿ ಬದಲಾದ ಮೇಲೆ ಕ್ಯಾಮರಾ ಬರ್ತಿಲ್ಲ, ಬಲ್ಲವರು ಹೇಳಿ

ಪ್ರಶ್ನೆ, ಶಿರಸಿ ಹತ್ತಿರದ ಹಳ್ಳಿಯಿಂದ:
ಹಳೆ ಬ್ರಾಡ್‌ಬ್ಯಾಂಡ್ ಬಿಟ್ಟು ಬೇರೆ ಕಂಪನಿಯ ಫೈಬರ್ ಹಾಕಿಸಿದ್ದೇವೆ. ಗೇಟಿನದ್ದು, ಅಡಿಕೆ ಅಂಗಳದ್ದು ಎರಡೂ ವೈಫೈ ಕ್ಯಾಮರಾ ಆಫ್‌ಲೈನ್. ಮನೆ ಸುತ್ತಿನ ನಾಲ್ಕು ಕ್ಯಾಮರಾ ರೆಕಾರ್ಡಿಂಗ್ ಪೆಟ್ಟಿಗೆ ಅಂದರೆ ಡಿವಿಆರ್‌ಗೆ ಜೋಡಿಸಿದ್ದು. ಟಿವಿಯಲ್ಲಿ ಚೆನ್ನಾಗಿ ಕಾಣ್ತವೆ, ಮೊಬೈಲಿನಲ್ಲಿ ಇಲ್ಲ. ಎಲ್ಲವನ್ನೂ ರಿಸೆಟ್ ಮಾಡಬೇಕು ಅಂತಾರೆ. ಹೌದಾ? ಮಳೆಯಲ್ಲಿ ಏಣಿ ಹತ್ತೋದು ಕಷ್ಟ. ಹಳೆ ರೌಟರ್ ಮನೆಯಲ್ಲೇ ಇದೆ.

ಶಿರಸಿ ಪೇಟೆಯಿಂದ:
ರಿಸೆಟ್ ಬೇಡ, ಏಣಿಯೂ ಬೇಡ. ವೈಫೈ ಕ್ಯಾಮರಾ ಹುಡುಕೋದು ಹಳೆ ವೈಫೈ ಹೆಸರು, ಹಳೆ ಪಾಸ್‌ವರ್ಡ್ ಅಷ್ಟೇ. ಕಂಪನಿ ಯಾವುದಾದರೂ ಅದಕ್ಕೇನೂ ಆಗಬೇಕಾದ್ದಿಲ್ಲ. ಹೊಸ ರೌಟರಿಗೆ ಅವೆರಡನ್ನೂ ಹಾಗೇ ಕೊಡಿ. ದೊಡ್ಡಕ್ಷರ, ಸಣ್ಣಕ್ಷರ, ನಡುವಿನ ಖಾಲಿ ಜಾಗ ಒಂದೂ ತಪ್ಪಬಾರದು. ನೆನಪಿಲ್ಲದಿದ್ದರೆ ಹಳೆ ರೌಟರಿಗೆ ಸೇರಿಕೊಂಡಿದ್ದ ಮೊಬೈಲಿನ ವೈಫೈ ಸೆಟ್ಟಿಂಗಿನಲ್ಲಿ ‘ಶೇರ್’ ಒತ್ತಿ. ಕ್ಯೂಆರ್ ಕೋಡ್ ಬರ್ತದೆ, ಬಹಳ ಫೋನುಗಳಲ್ಲಿ ಅದರ ಕೆಳಗೇ ಪಾಸ್‌ವರ್ಡ್ ಇರ್ತದೆ. ಆಮೇಲೆ ಹಳೆ ರೌಟರ್ ಆಫ್ ಮಾಡಿಡಿ. ಒಂದೇ ಹೆಸರಿನ ಎರಡು ವೈಫೈ ಇದ್ದರೆ ಕ್ಯಾಮರಾ ಇಂಟರ್ನೆಟ್ ಇಲ್ಲದ ಹಳೆಯದಕ್ಕೇ ಹೋಗಿ ಅಂಟಿಕೊಳ್ಳಬಹುದು.

ಇಷ್ಟಾದರೂ ಬರದಿದ್ದರೆ ತೊಂದರೆ ಹೊಸ ರೌಟರಿನ ಸೆಟ್ಟಿಂಗಿನಲ್ಲೇ. ಮನೆಬಳಕೆಯ ಬಹುಪಾಲು ವೈಫೈ ಕ್ಯಾಮರಾಗಳಿಗೆ 2.4 ಗಿಗಾಹರ್ಟ್ಸ್ ವೈಫೈ ತರಂಗ ಮಾತ್ರ ಗೊತ್ತು. ಹೊಸ ರೌಟರುಗಳು 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ಬಿಡ್ತವೆ. ‘ಬ್ಯಾಂಡ್ ಸ್ಟೀರಿಂಗ್’ ಅಥವಾ ‘ಸ್ಮಾರ್ಟ್ ಕನೆಕ್ಟ್’ ಆಫ್ ಮಾಡಿ, ಹಳೆ ಹೆಸರನ್ನು 2.4ಕ್ಕೆ ಕೊಟ್ಟು 5ಕ್ಕೆ ಬೇರೆ ಹೆಸರಿಡಿ. ಸೆಕ್ಯುರಿಟಿ (ವೈಫೈಗೆ ಬೀಗ ಹಾಕುವ ಬಗೆ) ಡಬ್ಲ್ಯೂಪಿಎ3 ಇದ್ದರೆ ಡಬ್ಲ್ಯೂಪಿಎ2, ಎಇಎಸ್‌ಗೆ ಇಳಿಸಿ. ಚಾನೆಲ್ 1, 6, 11ರಲ್ಲಿ ಒಂದು, ಅಗಲ 20 ಮೆಗಾಹರ್ಟ್ಸ್. ಅಂಗಳದಷ್ಟು ದೂರಕ್ಕೆ 40ಕ್ಕಿಂತ 20ನೇ ಗಟ್ಟಿ.

ಕುಮಟಾದಿಂದ:
ಡಿವಿಆರ್ ಕತೆ ಬೇರೆ. ಟಿವಿಯಲ್ಲಿ ಕಾಣ್ತದೆ ಅಂದರೆ ಕ್ಯಾಮರಾ, ಅದರ ವೈರು, ಹಾರ್ಡ್ ಡಿಸ್ಕ್ ಯಾವುದನ್ನೂ ಮುಟ್ಟಬೇಡಿ. ಹಾಕಿಕೊಟ್ಟವರು ಅದಕ್ಕೆ ಸ್ಥಿರ ಐಪಿ, ಅಂದರೆ ಬದಲಾಗದ ನೆಟ್‌ವರ್ಕ್ ವಿಳಾಸ, ಬರೆದಿಟ್ಟಿರ್ತಾರೆ. ಮೆನುವಿನ ನೆಟ್‌ವರ್ಕ್ ಪುಟದಲ್ಲಿ ಐಪಿ, ಗೇಟ್‌ವೇ (ರೌಟರಿನ ವಿಳಾಸ), ಡಿಎನ್‌ಎಸ್ (ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸರ್ವರ್) ಮೂರರ ಫೋಟೋ ಹೊಡೆದಿಡಿ. ಹೊಸ ರೌಟರಿನ ವಿಳಾಸವನ್ನೂ ಹೇಳಿ, ಮೊಬೈಲಿನ ವೈಫೈ ವಿವರದಲ್ಲಿ ಗೇಟ್‌ವೇ ಅಂತ ಇರ್ತದೆ.

ಕೇಳಿದವರು:
ಡಿವಿಆರ್ 192.168.1.108, ಗೇಟ್‌ವೇ 192.168.1.1. ಹೊಸ ರೌಟರ್ 192.168.29.1.

ಕುಮಟಾದಿಂದ:
ಹಾಗಾದರೆ ಸಿಕ್ಕಿತು. ಮೂರನೇ ಅಂಕಿ ನೋಡಿ, 1 ಇದ್ದದ್ದು 29 ಆಗಿದೆ. ಡಿವಿಆರ್ ಈಗ ಇಲ್ಲದ ಬಾಗಿಲು ತಟ್ಟುತ್ತಾ ಕೂತಿದೆ. ಡಿವಿಆರ್ ಮೆನುವಿನಲ್ಲಿ ಡಿಎಚ್‌ಸಿಪಿ ಆನ್ ಮಾಡಿ ಸೇವ್ ಕೊಡಿ, ಡಿವಿಆರ್ ತಾನಾಗಿಯೇ ರೌಟರಿನಿಂದ ಹೊಸ ವಿಳಾಸ ತಗೊಳ್ತದೆ. ವಿಳಾಸ ಮತ್ತೆ ಬದಲಾಗಬಾರದು ಅಂದರೆ ರೌಟರಿನಲ್ಲಿ ಡಿವಿಆರ್‌ನ ಮ್ಯಾಕ್ ವಿಳಾಸಕ್ಕೆ (ಯಂತ್ರದ ಗುರುತು ಸಂಖ್ಯೆ) ಆ ಐಪಿಯನ್ನು ಕಾಯ್ದಿರಿಸಿ. ಡಿಎನ್‌ಎಸ್ ಜಾಗದಲ್ಲಿ ಗೂಗಲ್‌ನ 8.8.8.8 ಹಾಕಿ. ಇದನ್ನ ತುಂಬ ಜನ ಬಿಡ್ತಾರೆ: ಹಳೆ ಕಂಪನಿಯ ಡಿಎನ್‌ಎಸ್ ಹಾಗೇ ಉಳಿದರೆ ಅದು ಹೊರಗಿನ ಗಿರಾಕಿಗೆ ಸಾಮಾನ್ಯವಾಗಿ ಉತ್ತರ ಕೊಡೋದಿಲ್ಲ, ಐಪಿ ಎಲ್ಲಾ ಸರಿಯಿದ್ದರೂ ಆ್ಯಪ್‌ನಲ್ಲಿ ಆಫ್‌ಲೈನ್ ಅಂತಲೇ ತೋರಿಸ್ತದೆ. ಕೊನೆಗೆ ‘ಪಿ2ಪಿ’ (ಡಿವಿಆರ್ ಕಂಪನಿಯ ಸರ್ವರ್ ಮೂಲಕ ಮೊಬೈಲಿಗೆ ಸೇರಿಸುವುದು) ಅಥವಾ ‘ಪ್ಲಾಟ್‌ಫಾರ್ಮ್ ಆ್ಯಕ್ಸೆಸ್’ ಪುಟದಲ್ಲಿ ಆನ್‌ಲೈನ್ ಬಂತಾ ನೋಡಿ. ಆ್ಯಪ್‌ನಿಂದ ಮಾತ್ರ ಡಿವಿಆರ್ ಅಳಿಸಬೇಡಿ. ಮನೆಯವರಿಗೆ ಕೊಟ್ಟ ಶೇರಿಂಗ್ ಎಲ್ಲಾ ಹೋಗ್ತದೆ.

ಕಾರವಾರದಿಂದ:
ಹೊಸ ರೌಟರಿನ ಸೆಟ್ಟಿಂಗ್ ಬದಲಿಸಲು ಕಂಪನಿ ಬಿಡದಿದ್ದರೆ ಹಳೆ ರೌಟರೇ ಉಪಯೋಗಕ್ಕೆ ಬರ್ತದೆ. ಹೊಸ ಪೆಟ್ಟಿಗೆಯ ಲ್ಯಾನ್ ಕಿಂಡಿಯಿಂದ ಹಳೆಯದರ ವ್ಯಾನ್ (ಇಂಟರ್ನೆಟ್ ಒಳಬರುವ) ಕಿಂಡಿಗೆ ಕೇಬಲ್ ಹಾಕಿ, ಹಳೆಯದರಲ್ಲಿ ಪಿಪಿಪಿಒಇ (ಹಳೆ ಕಂಪನಿಯ ಲಾಗಿನ್) ತೆಗೆದು ‘ಡೈನಾಮಿಕ್ ಐಪಿ’ ಮಾಡಿ. ಡಿವಿಆರ್ ಕೇಬಲ್ ಹಳೆಯದರಲ್ಲೇ ಇದ್ದು, ಡಿಎನ್‌ಎಸ್ ಮೇಲೆ ಹೇಳಿದಂತೆ ಬದಲಿಸಿದ್ದರೆ ವೈಫೈ ಕ್ಯಾಮರಾ, ಡಿವಿಆರ್ ಎರಡೂ ಮೊದಲಿದ್ದಂತೆಯೇ ನಡೀತವೆ. ನಿಮ್ಮಲ್ಲಿ ಒಂದು 1, ಇನ್ನೊಂದು 29 ಆದ್ದರಿಂದ ಇದು ಸಲೀಸು. ಎರಡೂ ರೌಟರ್ 192.168.1.1 ಆಗಿದ್ದವರು ಹೊಸದರ ವಿಳಾಸವನ್ನು ಮೊದಲು ಕಂಪನಿಯವರಿಂದಾದರೂ ಬದಲಿಸಿಕೊಳ್ಳಲೇಬೇಕು, ಇಲ್ಲದಿದ್ದರೆ ಹಳೆಯದಕ್ಕೆ ದಾರಿ ತಿಳಿಯೋದಿಲ್ಲ.

ಮೊದಲು ಪೋರ್ಟ್ ಫಾರ್ವರ್ಡ್ ಮಾಡಿ, ಅಂದರೆ ರೌಟರಿನಲ್ಲಿ ಹೊರಗಿನವರಿಗೆ ಡಿವಿಆರ್‌ಗೆ ನೇರ ಬಾಗಿಲು ತೆರೆದು, ನೋಡ್ತಿದ್ದವರಿಗೆ ಇನ್ನೊಂದು ಮಾತು. ಹೊಸ ರೌಟರಿನ ವ್ಯಾನ್ ಐಪಿ (ಕಂಪನಿ ಕೊಟ್ಟ ವಿಳಾಸ) 100.64ರಿಂದ 100.127ರ ಒಳಗೆ ಶುರುವಾದರೆ ನೀವು ಸಿಜಿನ್ಯಾಟ್ (ಹಲವು ಗಿರಾಕಿಗಳಿಗೆ ಒಂದೇ ಹೊರ ವಿಳಾಸ ಹಂಚುವ ಏರ್ಪಾಡು) ಹಿಂದೆ ಇದ್ದೀರಿ. 554, 8000, 37777 ಯಾವ ಪೋರ್ಟ್ ತೆರೆದರೂ ಹೊರಗಿನಿಂದ ಐಪಿವಿ4ರಲ್ಲಿ (ಈ ಬಗೆಯ ವಿಳಾಸದಲ್ಲಿ) ಬರಲಾಗದು. ಪಿ2ಪಿ ಬಳಸಿ, ಇಲ್ಲವೇ ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ ಕೇಳಿ. ಡಿವಿಆರ್‌ನ ಬಾಗಿಲನ್ನು ಇಂಟರ್ನೆಟ್ಟಿಗೆ ತೆರೆದಿಡೋದು ಕಳ್ಳರಿಗೂ ತೆರೆದಂತೆ, ಪಿ2ಪಿಯೇ ವಾಸಿ.

ಹೊನ್ನಾವರದಿಂದ:
ಕರಾವಳಿಯಲ್ಲಿ ಇದನ್ನು ಓದ್ತಿರೋರಿಗೆ: ಸೆಟ್ಟಿಂಗ್ ಎಲ್ಲಾ ಸರಿ ಮಾಡಿದರೂ ಡಿವಿಆರ್ ಹಿಂದಿನ ಲ್ಯಾನ್ ದೀಪ ಹತ್ತದಿದ್ದರೆ ಕೇಬಲ್ಲಿನ ತುದಿ ಬೆಳಕಿಗೆ ಹಿಡಿದು ನೋಡಿ. ಉಪ್ಪುಗಾಳಿಗೆ ಆ ಎಂಟು ತಾಮ್ರದ ಹಲ್ಲುಗಳ ಮೇಲೆ ಹಸಿರು ಕಿಲುಬು ಕಟ್ಟಿರ್ತದೆ. ವರ್ಷಗಟ್ಟಲೆ ಅಲ್ಲಾಡದೆ ನಡೀತಿದ್ದದ್ದು, ರೌಟರ್ ಬದಲಿಸುವಾಗ ಒಮ್ಮೆ ಕಿತ್ತು ಹಾಕಿದ್ದಕ್ಕೇ ಕೈ ಕೊಡ್ತದೆ. ಉಜ್ಜಬೇಡಿ, ತುದಿ ಕತ್ತರಿಸಿ ಹೊಸ ಆರ್‌ಜೆ45 ಪ್ಲಗ್ ಹಾಕಿಸಿ. ಒಳಗಿನ ತಂತಿಯೂ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸಬೇಕು.