ಬರ್ರಿ ಬರ್ರಿ ಅನ್ನೋ ಬಾಗಿಲು

"ಎರಡು ದಿನ ಆಯ್ತು, ಒಂದು ಆರ್ಡರೂ ಶೀಟಿಗೆ ಬಿದ್ದಿಲ್ಲ. ನಿನ್ನ ಆಪು ನೋಡಿದರೆ ಹಸಿರು ಟಿಕ್ ಹಾಕಿಕೊಂಡು ಮದುಮಗನ ಹಾಗೆ ಕೂತಿದೆ" ಅಂದ ಬ್ಯಾಡಗಿ.

ಬ್ಯಾಡಗಿ ಅಂದರೆ ಊರಲ್ಲ, ನಮ್ಮ ದೋಸ್ತ. ಅಪ್ಪ-ಅವ್ವ ಇಟ್ಟ ಹೆಸರು ಬೇರೆ ಇದೆ, ಅದು ಆಧಾರ್ ಕಾರ್ಡಿಗೆ ಮಾತ್ರ. ಊರು ಬ್ಯಾಡಗಿ, ವ್ಯಾಪಾರ ಮೆಣಸಿನಕಾಯಿ, ಅಂಗಿಯಲ್ಲಿ ಸದಾ ಅದೇ ಘಾಟು. ಅವನು ಪಕ್ಕದಲ್ಲಿ ಕೂತರೆ ಸೀನು ಬರುತ್ತದೆ. ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟವನಿಗೆ ನಾವು ಪ್ರೆಸ್ಸು ಅಂತೀವಿ. ನಮ್ಮ ಆಫೀಸಿನಲ್ಲಿ ಟೆಸ್ಟಿಂಗ್ ನೋಡಿಕೊಳ್ಳುವವರು ಅಕ್ಕೋರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ನನ್ನ ಕೋಡು ಓದುವಾಗ ಕನ್ನಡಕದ ಮೇಲಿಂದ ನನ್ನ ಕಡೆ ಒಮ್ಮೆ ನೋಡುತ್ತಾರಲ್ಲ, ಆ ನೋಟಕ್ಕೆ ಹೆಸರು ತಾನಾಗೇ ಅಂಟಿಕೊಂಡಿತು. ಇನ್ನು ಕಾಕಾ. ಸ್ಟೇಷನ್ ಮಾಸ್ಟರ್ ಆಗಿ ರಿಟೈರ್ ಆದವರು. ಮಾತು ಎಲ್ಲಿಂದ ಹೊರಟರೂ ಅದನ್ನು ಹುಬ್ಬಳ್ಳಿ ಜಂಕ್ಷನ್ನಿಗೆ ತಂದು ನಿಲ್ಲಿಸುವ ಹೊಣೆ ಅವರದು.

ಅವತ್ತು ಶುಕ್ರವಾರ. ಸೋಮವಾರ, ಗುರುವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆ ಇರುತ್ತದೆ, ಅವತ್ತು ಇವನು ದೇವರು ಕರೆದರೂ ಬರೋಲ್ಲ. ಶುಕ್ರವಾರ ಪ್ಯಾಸೆಂಜರ್ ಗಾಡಿ ಹಿಡಿದು ಬಂದಿದ್ದ. ವಿದ್ಯಾನಗರದ ನಮ್ಮ ಮಾಮೂಲಿ ಅಂಗಡಿಯಲ್ಲಿ ಗಿರ್ಮಿಟ್ಟು, ಮಿರ್ಚಿ, ಚಹಾ. ನಡುವೆ ನನ್ನ ಲ್ಯಾಪ್‌ಟಾಪು. ಅದರ ಕೀಬೋರ್ಡಿನಲ್ಲಿ ಹೋದ ವಾರದ ಮಂಡಕ್ಕಿ ಇನ್ನೂ ಇದೆ.

"ಮೊದಲಿಂದ ಹೇಳು. ಇದು ಯಾವ ಗಾಡಿ, ಎಲ್ಲಿಂದ ಎಲ್ಲಿಗೆ?" ಅಂದರು ಕಾಕಾ.

ನಾನು ಹೇಳಿದೆ. ಸಣ್ಣ ವ್ಯಾಪಾರಿಗಳು ಆರ್ಡರ್ ಬರೆದಿಡಲಿಕ್ಕೆ ಅಂತ ಒಂದು ಆಪ್ ಮಾಡಿದ್ದೇನೆ. ಬ್ಯಾಡಗಿಗೆ ಅಷ್ಟು ಸಾಲಲಿಲ್ಲ. ಆರ್ಡರ್ ಬಂದ ಕೂಡಲೇ ಗೂಗಲ್ ಶೀಟಿನಲ್ಲಿ ಒಂದು ಸಾಲು ಬೀಳಬೇಕು, ಗೋದಾಮಿನ ಹುಡುಗನಿಗೆ ಮೆಸೇಜ್ ಹೋಗಬೇಕು. ಅದನ್ನೆಲ್ಲ ನಾನೇ ಬರೆಯುತ್ತಾ ಕೂತರೆ ಹಲ್ಲು ಉದುರುತ್ತವೆ. ಇಂಥ ಜೋಡಣೆ ಕೆಲಸಕ್ಕೆ ಅಂತಲೇ ಝ್ಯಾಪಿಯರ್ ಇದೆ. 2011ರಲ್ಲಿ ಅಮೆರಿಕದ ಮಿಸೌರಿಯಲ್ಲಿ ಮೂರು ಜನ ಸೇರಿ ಶುರು ಮಾಡಿದ್ದು. ಈ ಆಪಿನಲ್ಲಿ ಹೀಗಾದರೆ ಆ ಆಪಿನಲ್ಲಿ ಹಾಗೆ ಮಾಡು ಅಂತ ಹೇಳಿಟ್ಟರೆ ಅದು ಮಾಡುತ್ತದೆ. ನಮ್ಮ ಆಪನ್ನು ಅಲ್ಲಿ ಸೇರಿಸಬೇಕಾದರೆ ಅವರ ಡೆವಲಪರ್ ಪ್ಲಾಟ್‌ಫಾರ್ಮಿಗೆ ಹೋಗಬೇಕು.

"ಎಷ್ಟು ಉದ್ದ ಇದೆ?" ಅಂದರು ಕಾಕಾ.

"ಏನು?"

"ಪ್ಲಾಟ್‌ಫಾರ್ಮು. ನಮ್ಮದು 1,507 ಮೀಟರ್. ಗಿನ್ನೆಸ್‌ನಲ್ಲಿದೆ."

ಇದಕ್ಕೆ ಉತ್ತರ ಇಲ್ಲ. ಸುಮ್ನೆ ಒಂದು ಮಿರ್ಚಿ ತಗೊಂಡೆ.

"ಝೇಪಿಯರ್ ಅಲ್ವಾ ಅದು?" ಅಂತ ಪ್ರೆಸ್ಸು ತಗಾದೆ ತೆಗೆದ. ಅಕ್ಷರ ಜೋಡಿಸೋ ಮಂದಿಗೆ ಕಾಗುಣಿತದ ಚಿಂತೆ ಜಾಸ್ತಿ. ಅಲ್ಲಪ್ಪಾ, ಹ್ಯಾಪಿಯರ್ ಅಂದ ಹಾಗೆ ಝ್ಯಾಪಿಯರ್ ಅಂತ ಅವರೇ ಹೇಳಿಕೊಂಡಿದ್ದಾರೆ. ಇಂಗ್ಲಿಷಿನಲ್ಲಿ ಬರೆದು ನೋಡು, ಹೆಸರಿನ ಹೊಟ್ಟೆಯಲ್ಲೇ ಎಪಿಐ ಅನ್ನೋ ಮೂರು ಅಕ್ಷರ ಕೂತಿವೆ. ಎಪಿಐ ಅಂದರೆ ಒಂದು ಆಪು ಇನ್ನೊಂದು ಆಪಿನ ಜೊತೆ ಮಾತಾಡೋ ದಾರಿ. ಪ್ರೆಸ್ಸು ಅಂಗೈ ಮೇಲೆ ಬೆರಳಿನಿಂದ ಬರೆದು ನೋಡಿ, "ಹೌದಲ್ಲಲೇ!" ಅಂದ. ಆ ಸಂಜೆ ಅವನಿಗೆ ಅಷ್ಟೇ ಲಾಭ.

"ಬಾಗಿಲ ಮಾತಿಗೆ ಬಾ" ಅಂದರು ಅಕ್ಕೋರು.

ಬಾಗಿಲು ಅಂದರೆ ಅಥೆಂಟಿಕೇಶನ್. ಬ್ಯಾಡಗಿಯ ಪರವಾಗಿ ಝ್ಯಾಪಿಯರ್ ನಮ್ಮ ಸರ್ವರಿಗೆ ಬಂದು ಆರ್ಡರ್ ಕೇಳುತ್ತದೆ. ಬಂದವನು ಬ್ಯಾಡಗಿಯ ಕಡೆಯವನೇ ಅಂತ ನಂಬೋದು ಹೇಗೆ? ಪ್ಲಾಟ್‌ಫಾರ್ಮಿನಲ್ಲಿ ನಾಲ್ಕೈದು ದಾರಿ ತೋರಿಸುತ್ತಾರೆ. ನಾನು ಎಪಿಐ ಕೀ ಆರಿಸಿದೆ.

"ಓಆಥ್ ಯಾಕೆ ಬೇಡ?" ಅಂದ ಪ್ರೆಸ್ಸು. ಎಲ್ಲೋ ಕೇಳಿಕೊಂಡು ಬಂದಿದ್ದ.

ಓಆಥ್ 2.0 ಬಂದಿದ್ದು 2012ರಲ್ಲಿ, ಒಳ್ಳೇದೇ. ಗಿರಾಕಿಯನ್ನು ನಮ್ಮದೇ ಲಾಗಿನ್ ಪುಟಕ್ಕೆ ಕರೆತಂದು, "ಇವರಿಗೆ ಒಳಗೆ ಬಿಡಲಾ?" ಅಂತ ಕೇಳಿ, ಅವನು ಹೂಂ ಅಂದ ಮೇಲೆ ಒಂದು ಚೀಟಿ ಕೊಡುತ್ತದೆ. ಚೀಟಿಗೆ ಅವಧಿ, ಅವಧಿ ಮುಗಿದರೆ ಹೊಸ ಚೀಟಿ. ಮದುವೆಗೆ ಎರಡೂ ಕಡೆ ಹಿರಿಯರು ಕೂತು ಮಾತಾಡಿದ ಹಾಗೆ. ನನ್ನ ಆಪಿಗೆ ಅಷ್ಟು ಹಿರಿಯರು ಇಲ್ಲ. ಎಪಿಐ ಕೀ ಅಂದರೆ ಒಂದು ಉದ್ದನೆಯ ಅಕ್ಷರದ ಸಾಲು. ಆಪಿನಿಂದ ಕಾಪಿ ಮಾಡು, ಅಲ್ಲಿಯ ಡಬ್ಬಿಯಲ್ಲಿ ಪೇಸ್ಟ್ ಮಾಡು, ಮುಗೀತು.

"ಅಂದರೆ ನಮ್ಮ ಬಾಲ್ ಟೋಕನ್!" ಕಾಕಾ ಲೋಟ ಕೆಳಗಿಟ್ಟರು. ಗಾಡಿ ಜಂಕ್ಷನ್ನಿಗೆ ಬಂತು ಅಂತ ಎಲ್ಲರಿಗೂ ಗೊತ್ತಾಯ್ತು. "ಸಿಂಗಲ್ ಲೈನ್ ಇದ್ದ ಕಾಲ. ಎರಡು ಸ್ಟೇಷನ್ನಿನಲ್ಲಿ ಎರಡು ಯಂತ್ರ, ನಡುವೆ ತಂತಿ. ಆ ಕಡೆಯವನು ಒಪ್ಪಿದರೆ ಮಾತ್ರ ಈ ಕಡೆ ಒಂದು ಲೋಹದ ಗುಂಡು ಹೊರಗೆ ಬೀಳುತ್ತದೆ. ಅದನ್ನು ಚರ್ಮದ ಚೀಲಕ್ಕೆ ಹಾಕಿ, ಬೆತ್ತದ ಬಳೆಗೆ ಕಟ್ಟಿ, ಓಡೋ ಗಾಡಿಯ ಡ್ರೈವರ್ ತೋಳಿಗೆ ಕೊಡಬೇಕು. ಗುಂಡು ಇಲ್ಲದೆ ಆ ಲೈನಿಗೆ ಗಾಡಿ ಇಳಿಯೋ ಹಾಗೇ ಇಲ್ಲ."

ಹೋಲಿಕೆ ಚೆನ್ನಾಗಿಯೇ ಇತ್ತು. ಆದರೆ ಒಂದು ಕಡೆ ಕೈ ಕೊಡುತ್ತದೆ. ಕಾಕಾನ ಗುಂಡು ಒಂದು ಹೊರಗಿದ್ದರೆ ಇನ್ನೊಂದು ಹೊರಗೆ ಬರೋದೇ ಇಲ್ಲ. ನನ್ನ ಕೀಯನ್ನು ವಾಟ್ಸಾಪಿನಲ್ಲಿ ಊರಿಗೆಲ್ಲ ಫಾರ್ವರ್ಡ್ ಮಾಡಬಹುದು.

"ಫಾರ್ವರ್ಡ್ ಯಾಕೆ, ಪ್ರಿಂಟೇ ಹಾಕಿಸಬಹುದು" ಅಂದರು ಅಕ್ಕೋರು. ನಾನು ತಲೆ ತಗ್ಗಿಸಿದೆ.

ಆಗಿದ್ದು ಇಷ್ಟು. ಗಿರಾಕಿಗಳಿಗೆ ಹಂಚಲಿಕ್ಕೆ ಒಂದು ಹಾಳೆ ಮಾಡಿಸಿದ್ದೆ, ಕೀಯನ್ನು ಎಲ್ಲಿಂದ ತಗೊಂಡು ಎಲ್ಲಿ ಹಾಕಬೇಕು ಅಂತ ಚಿತ್ರ ಸಮೇತ. ಚಿತ್ರ ನನ್ನ ಸ್ಕ್ರೀನಿಂದಲೇ ತೆಗೆದಿದ್ದು. ಅದರಲ್ಲಿ ನನ್ನ ಸ್ವಂತ ಕೀ, ಅಸಲಿ, ಚಾಲ್ತಿಯಲ್ಲಿದ್ದದ್ದು, ಒಂದಕ್ಷರ ಬಿಡದೆ ಕಾಣುತ್ತಿತ್ತು. ಪ್ರೆಸ್ಸು 500 ಪ್ರತಿ ಹೊಡೆದ. ಅದೂ ದಪ್ಪ ಕಾಗದ, ಅಕ್ಷರ ಸ್ಪಷ್ಟ. ದೋಸ್ತಿ ಕೆಲಸಕ್ಕೆ ಅವನು ಯಾವತ್ತೂ ಮಸಿ ಕಮ್ಮಿ ಮಾಡೋಲ್ಲ. ಫಾರ್ಮಿನಲ್ಲಿ ಆ ಡಬ್ಬಿಯನ್ನು ಪಾಸ್‌ವರ್ಡ್ ಬಗೆಯದು ಮಾಡಿದ್ದರೆ ಬರೀ ಚುಕ್ಕಿ ಕಾಣುತ್ತಿದ್ದವು. ನಾನು ಸಾದಾ ಬಗೆ ಇಟ್ಟಿದ್ದೆ.

"ಆ ಕೀಯನ್ನು ಅವತ್ತೇ ರದ್ದು ಮಾಡಿದೆನಲ್ಲ" ಅಂದೆ.

"ನೀನು ಕೀ ರದ್ದು ಮಾಡಿದೆ, ನಾನು ಹಾಳೆ ರದ್ದಿಗೆ ಹಾಕಿದೆ" ಅಂದ ಪ್ರೆಸ್ಸು.

ಇಷ್ಟು ಹೊತ್ತು ಬ್ಯಾಡಗಿ ತನ್ನ ಫೋನು ಹಿಡಿದು ಕಾಯುತ್ತಾ ಇದ್ದ. ಅಕ್ಕೋರು ಅದನ್ನು ಇಸಕೊಂಡು ನೋಡಿದರು. ಕನ್ನಡಕ ಕೆಳಗಿಳಿಯಿತು. "ಡಬ್ಬಿಯಲ್ಲಿ ಏನು ಪೇಸ್ಟ್ ಮಾಡಿದೆ?"

"ಕೀ."

"ಯಾವ ಕೀ? ವಾಟ್ಸಾಪಿಗೆ ಹೋಗಿ ಕಾಪಿ ಮಾಡಿದ್ದು ಯಾವ ಮೆಸೇಜು ಅಂತ ನೋಡು."

ನೋಡಿದ. ಇವನು ಕಾಪಿ ಮಾಡಿದ್ದು ನಾನು ಕಳಿಸಿದ ಕೀಯನ್ನಲ್ಲ, ಅದರ ಕೆಳಗೆ ಗೋದಾಮಿನ ಹುಡುಗನಿಗೆ ಕಳಿಸಲು ಹೋಗಿ ತಪ್ಪಿ ನನಗೇ ಕಳಿಸಿದ್ದ ಮೆಸೇಜು. ಇಂಗ್ಲಿಷ್ ಅಕ್ಷರದಲ್ಲಿ: ಡಬ್ಬಿ 40 ಚೀಲ.

ಗೊತ್ತಿಲ್ಲದವರಿಗೆ: ಡಬ್ಬಿ ಅಂದರೆ ಬ್ಯಾಡಗಿ ಮೆಣಸಿನಕಾಯಿಯ ಒಂದು ಜಾತಿ, ಗಿಡ್ಡ, ದಪ್ಪ. ಉದ್ದ ತೆಳ್ಳಗಿದ್ದರೆ ಅದು ಕಡ್ಡಿ. ಖಾರ ಕಮ್ಮಿ, ಬಣ್ಣ ಜಾಸ್ತಿ. 2011ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಇಷ್ಟೆಲ್ಲ ಗೌರವ ಇದ್ದರೂ ಅದು ಎಪಿಐ ಕೀ ಅಂತೂ ಅಲ್ಲ.

"ಮತ್ತೆ ಕನೆಕ್ಟೆಡ್ ಅಂತ ಯಾಕೆ ಬಂತು?" ಬ್ಯಾಡಗಿ ನನ್ನ ಕಡೆ ತಿರುಗಿದ. ಎಲ್ಲರೂ ತಿರುಗಿದರು. ಅಂಗಡಿಯವನೂ ಜಾಲರಿ ಸೌಟು ಹಿಡಿದುಕೊಂಡೇ ತಿರುಗಿದ.

ಪ್ರಶ್ನೆ ಸರಿ ಇತ್ತು. ಕೀ ಹಾಕಿದ ತಕ್ಷಣ ಅದು ಸರಿಯೋ ತಪ್ಪೋ ನೋಡಲು ನಮ್ಮ ಸರ್ವರಿನ ಒಂದು ವಿಳಾಸ ಕೊಡಬೇಕು. ಝ್ಯಾಪಿಯರ್ ಆ ಕೀ ಹಿಡಿದುಕೊಂಡು ಅಲ್ಲಿಗೆ ಹೋಗಿ ಬಾಗಿಲು ತಟ್ಟುತ್ತದೆ. ಸರ್ವರು 200 ಅಂದರೆ ಬರ್ರಿ ಅಂತ ಅರ್ಥ, ಹಸಿರು ಟಿಕ್. 401 ಅಂದರೆ ನೀ ಯಾರಪ್ಪಾ ಗೊತ್ತಿಲ್ಲ. 403 ಅಂದರೆ ಗೊತ್ತು, ಆದರೂ ಒಳಗೆ ಬಿಡೋಲ್ಲ. ನಾನು ತಟ್ಟಲು ಕೊಟ್ಟಿದ್ದು ಆರ್ಡರ್ ಪಟ್ಟಿಯ ವಿಳಾಸ. ನನ್ನ ಸರ್ವರು ಮಾಡುತ್ತಿದ್ದದ್ದು ಏನು? "ಡಬ್ಬಿ 40 ಚೀಲ ಅನ್ನೋ ಕೀಗೆ ಸೇರಿದ ಆರ್ಡರ್ ಎಷ್ಟಿವೆ?" ಅಂತ ಹುಡುಕಿ, ಒಂದೂ ಇಲ್ಲ ಅಂತ ಖಾಲಿ ಪಟ್ಟಿ ಕೈಗಿಟ್ಟು, 200 ಅಂತ ಕಳಿಸುತ್ತಿತ್ತು. ಸುಳ್ಳು ಹೇಳಿಲ್ಲ ನೋಡಿ. ನಿಜವಾಗಿಯೂ ಒಂದೂ ಇರಲಿಲ್ಲ. ಝ್ಯಾಪಿಯರ್ ಪಾಪ ಎರಡು ದಿನ ಆಗಾಗ ಬಂದು, ಖಾಲಿ ಪಟ್ಟಿ ಇಸಕೊಂಡು, ಹೊಸ ಆರ್ಡರ್ ಇಲ್ಲ ಅಂತ ಸುಮ್ನೆ ವಾಪಸ್ ಹೋಗಿದೆ.

"ಅಂದರೆ ಬಾಗಿಲಿಗೆ ಕಾವಲುಗಾರ ಇದ್ದಾನೆ, ಅವನಿಗೆ ಬರ್ರಿ ಅನ್ನೋದು ಬಿಟ್ಟು ಬೇರೆ ಮಾತು ಬರೋಲ್ಲ" ಅಂದ ಪ್ರೆಸ್ಸು.

"ನೀನು ಟೆಸ್ಟ್ ಮಾಡಿದ್ದೆ ಅಂದಿದ್ದೆಯಲ್ಲ?" ಅಕ್ಕೋರು.

"ಮಾಡಿದ್ದೆ. ಸರಿಯಾದ ಕೀ ಹಾಕಿ ನೋಡಿದೆ. ಆಯ್ತು."

"ತಪ್ಪು ಕೀ ಹಾಕಿ?"

ಚಹಾ ಚೆನ್ನಾಗಿದೆ ಅಂದೆ.

ಕಾಕಾ ಗಂಟಲು ಸರಿ ಮಾಡಿಕೊಂಡರು. "ಡ್ರೈವರ್ ಬಳೆ ಹಿಡಿದ ಕೂಡಲೇ ಏನು ಮಾಡಬೇಕು ಗೊತ್ತಾ? ಚೀಲ ಬಿಚ್ಚಿ ಗುಂಡಿನ ಮೇಲೆ ಕೆತ್ತಿದ ಊರ ಹೆಸರು ಓದಬೇಕು. ಬೇರೆ ಸೆಕ್ಷನ್ನಿನ ಗುಂಡಾದರೆ ಅಲ್ಲೇ ಬ್ರೇಕು. ಗುಂಡು ಗುಂಡಗಿದೆ ಅಂತ ಗಾಡಿ ಬಿಡೋಲ್ಲ ಯಾರೂ."

ಅಲ್ಲೇ ಕೂತು ರಿಪೇರಿ ಶುರು ಮಾಡಿದೆ. ಶುಕ್ರವಾರ ಸಂಜೆ ಲೈವ್ ಸರ್ವರಿಗೆ ಕೈ ಹಾಕುತ್ತೀಯಾ ಅಂತ ಅಕ್ಕೋರು ಬೈದರು. ಬೈಯುತ್ತಲೇ ಕುರ್ಚಿ ನನ್ನ ಪಕ್ಕ ಎಳೆದುಕೊಂಡರು. ಮೊದಲು ಕೀ ನಮ್ಮ ಪಟ್ಟಿಯಲ್ಲಿ ಇದೆಯಾ, ರದ್ದಾಗಿಲ್ಲ ತಾನೇ, ನೋಡು. ಇಲ್ಲದಿದ್ದರೆ 401, ಮುಂದಿನ ಮಾತೇ ಬೇಡ. ಟೆಸ್ಟಿಗೆ ಅಂತ "ನಾನು ಯಾರು" ಅಂತ ಕೇಳುವ ಬೇರೆ ವಿಳಾಸ ಮಾಡಿದೆ, ಅದು ಅಂಗಡಿಯ ಹೆಸರು ಹೇಳುತ್ತದೆ. ಅದೇ ಹೆಸರನ್ನು ಕನೆಕ್ಷನ್ ಲೇಬಲ್ಲಿಗೂ ಕೊಟ್ಟೆ. ಬ್ಯಾಡಗಿಗೆ ತನ್ನದೊಂದು, ಮಾವಂದೊಂದು, ಎರಡು ಖಾತೆ ಇವೆ. ಎರಡೂ ಒಂದೇ ಹೆಸರಲ್ಲಿ ಕಂಡರೆ ಮಾವನ ಆರ್ಡರ್ ಅಳಿಯನ ಶೀಟಿಗೆ ಬಿದ್ದು ಹಬ್ಬದ ಊಟಕ್ಕೆ ಕರೆಯೋದು ನಿಂತುಹೋಗುತ್ತದೆ.

ಕೀಯನ್ನು ವಿಳಾಸದ ಬಾಲಕ್ಕೆ ಅಂಟಿಸಿ ಕಳಿಸುತ್ತಿದ್ದೆ. ಅದನ್ನೂ ಅಕ್ಕೋರು ತೆಗೆಸಿದರು. ವಿಳಾಸವನ್ನು ಸರ್ವರು ತನ್ನ ಲಾಗ್‌ನಲ್ಲಿ, ಅಂದರೆ ದಿನಚರಿಯಲ್ಲಿ, ಬರೆದುಕೊಳ್ಳುತ್ತದೆ, ಪೋಸ್ಟ್ ಕಾರ್ಡಿನ ಮೇಲೆ ಗುಟ್ಟು ಬರೆದ ಹಾಗೆ. ಈಗ ಹೆಡರ್‌ನಲ್ಲಿ, ಲಕೋಟೆಯ ಒಳಗೆ ಇಟ್ಟ ಹಾಗೆ, ಹೋಗುತ್ತದೆ. ಅಲ್ಲಿ ಕೀಗೆ ಮೊದಲು ಬರೋ ಬೇರರ್ ಅನ್ನೋ ಪದ ಆದ ಮೇಲೆ ಒಂದು ಸ್ಪೇಸ್ ಬಿಡಬೇಕು. ನಾನು ಬಿಟ್ಟಿರಲಿಲ್ಲ. ಆ ಒಂದು ಸ್ಪೇಸಿಗೆ ಹದಿನೈದು ನಿಮಿಷ, ಎರಡು ಚಹಾ ಹೋದವು.

"ಈ 200, 401 ಅನ್ನೋ ನಂಬರು ಇನ್ನೂ ಎಷ್ಟಿವೆ?" ಅಂದ ಅಂಗಡಿಯವನು. ಬಹಳ ಇವೆ. 1998ರ ಏಪ್ರಿಲ್ 1ಕ್ಕೆ ತಮಾಷೆಗೆ ಅಂತಲೇ ಒಂದು ಬರೆದಿಟ್ಟಿದ್ದಾರೆ, 418. ಚಹಾ ಕೆಟಲಿಗೆ ಕಾಫಿ ಮಾಡು ಅಂದರೆ ಅದು "ನಾನು ಕೆಟಲು" ಅಂತ ಜವಾಬು ಕೊಡಬೇಕಂತೆ. ಅವನು ತನ್ನ ಕೆಟಲನ್ನು ಒಮ್ಮೆ ನೋಡಿದ. "ನಮ್ಮಲ್ಲಿ ಎರಡೂ ಇದರಲ್ಲೇ ಮಾಡೋದು" ಅಂದ.

"ಈಗ ತಪ್ಪು ಕೀ ಹಾಕಿ ನೋಡಬೇಕು. ಯಾರ ಹತ್ರ ಇದೆ ತಪ್ಪು ಕೀ?" ಅಂದರು ಅಕ್ಕೋರು.

ಅಷ್ಟರಲ್ಲಿ ಬಿಸಿ ಮಿರ್ಚಿಯ ಇನ್ನೊಂದು ಸುತ್ತು ಬಂತು. ಬ್ಯಾಡಗಿ ಒಂದನ್ನು ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಮಿರ್ಚಿ ಕೆಳಗಿನ ಹಾಳೆಯನ್ನು ಬೆಳಕಿಗೆ ಹಿಡಿದ. ದಪ್ಪ ಕಾಗದ, ಎಣ್ಣೆ ಕುಡಿದು ಕನ್ನಡಿಯಂತಾಗಿತ್ತು. ನಡುವೆ ನನ್ನ ಕೀ, ಒಂದಕ್ಷರ ಅಳಿಸಿಲ್ಲ.

ನಾವೆಲ್ಲ ಪ್ರೆಸ್ಸಿನ ಕಡೆ ನೋಡಿದೆವು.

"ಈ ಅಂಗಡಿಯವನ ಹತ್ರ ಹಳೇ ಬಾಕಿ ಇತ್ತಲ್ಲ" ಅಂದ ಪ್ರೆಸ್ಸು.

ಬ್ಯಾಡಗಿ ಓದಿದ, ನಾನು ಟೈಪ್ ಮಾಡಿದೆ. ಸೊನ್ನೆಯೋ ಓ ಅಕ್ಷರವೋ ಅಂತ ಒಂದು ಕಡೆ ಜಗಳ ಆಯ್ತು, ಹಾಳೆ ಅಚ್ಚು ಹಾಕಿದವನೇ ಸೊನ್ನೆ ಅಂತ ತೀರ್ಮಾನ ಕೊಟ್ಟ. ಒತ್ತಿದೆ. ಸ್ಕ್ರೀನಿನಲ್ಲಿ ಕೆಂಪು ಪಟ್ಟಿ ಬಂತು. 401.

ಕಾಕಾ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದರು. ರಸ್ತೆಯಲ್ಲಿ ಹೋಗುತ್ತಿದ್ದ ಆಟೋ ಒಂದು ಗಕ್ಕನೆ ನಿಂತಿತು.