‘ಡೇ ಗೆಕೊ’ಗೆ ಕನ್ನಡದ ಹೆಸರು: ಕಾಡುಹಲ್ಲಿಯೋ, ಹಗಲುಹಲ್ಲಿಯೋ?

ಶಿರಸಿಯಿಂದ ಪ್ರಶ್ನೆ:

ಮಾನ್ಯರೇ, ಕಾಡುದಾರಿಯೊಂದರಲ್ಲಿ ನಿಲ್ಲಿಸಲಿರುವ ಪರಿಚಯ ಫಲಕದ ಬರಹ ಈ ವಾರವೇ ಅಚ್ಚಿಗೆ ಹೋಗಬೇಕಾಗಿದೆ. ಮರದ ಬುಡದಲ್ಲಿಯೂ ಬಂಡೆಗಳ ಮೇಲೂ ಹಗಲಿನಲ್ಲೇ ಓಡಾಡುವ, ಇಂಗ್ಲಿಷಿನಲ್ಲಿ ‘ಡೇ ಗೆಕೊ’ ಎನ್ನುವ, ನೆಮಾಸ್ಪಿಸ್ ಕುಲದ ಪುಟ್ಟ ಕಂದು ಹಲ್ಲಿಯನ್ನು ಕನ್ನಡದಲ್ಲಿ ಏನೆಂದು ಬರೆಯಬೇಕು? ‘ಕಾಡುಹಲ್ಲಿ’, ‘ದಿನಹಲ್ಲಿ’, ‘ದಿವಾಚರ ಗೌಳಿ’ ಎಂಬ ಸಲಹೆಗಳು ಬಂದಿವೆ.

ಕುಮಟೆಯಿಂದ ಉತ್ತರ:

ಮೂರೂ ಬೇಡ. ‘ಹಗಲುಹಲ್ಲಿ’ ಎಂದು ಬರೆಯಿರಿ.

‘ಕಾಡುಹಲ್ಲಿ’ ಎಂದರೆ ಯಾವುದನ್ನೂ ಬೇರ್ಪಡಿಸಿ ಹೇಳಿದಂತಾಗುವುದಿಲ್ಲ. ಜೋಗದ ಆಸುಪಾಸಿನಿಂದ 1935ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಹೆಮಿಡ್ಯಾಕ್ಟೈಲಸ್ ಪ್ರಶಾದಿ ಎಂಬ ಹಲ್ಲಿಯೂ ಕಾಡಿನದೇ, ಆದರೆ ಅದು ಇರುಳಿನಲ್ಲಿ ಸಂಚರಿಸುವಂಥದ್ದು. ನಿಮ್ಮ ಹಲ್ಲಿಯ ಗುರುತು ಇರುವುದೇ ಹಗಲಿನಲ್ಲಿ. ಮನೆಹಲ್ಲಿಯ ಕಣ್ಣಪಾಪೆ ಬೆಳಕಿಗೆ ಕಿರಿದಾಗಿ ನೆಟ್ಟನೆಯ ಸೀಳಾಗುತ್ತದೆ, ಇದರ ಪಾಪೆ ದುಂಡಗಿರುತ್ತದೆ. ಮನೆಹಲ್ಲಿಗೆ ಬೆರಳಡಿಯಲ್ಲಿರುವ ಅಗಲವಾದ ಹಿಡಿತಪಟ್ಟಿಗಳು ಇದಕ್ಕಿಲ್ಲದ ಕಾರಣ, ಇದು ಸಪೂರ ಬೆರಳುಗಳ ಉಗುರನ್ನು ಊರಿ ಬಂಡೆ ಹತ್ತುತ್ತದೆ. ಇವೆರಡನ್ನೂ ಫಲಕದಲ್ಲಿ ದಯವಿಟ್ಟು ಸೇರಿಸಿ. ಹೆಸರು ಯಾಕೆ ಬಂತೆಂಬುದು ಓದುವವರಿಗೆ ತಾನಾಗಿ ತಿಳಿಯುತ್ತದೆ.

‘ದಿನಹಲ್ಲಿ’ ಸಂಸ್ಕೃತದ ಮಾತಿಗೆ ಕನ್ನಡದ ಮಾತನ್ನು ಬೆಸೆದ ಅರಿಸಮಾಸ. ‘ಹಗಲು’ ಎಂಬ ನಮ್ಮದೇ ಮಾತು ಇರುವಾಗ ಅದಕ್ಕೆ ಸಮರ್ಥನೆಯೇ ಇಲ್ಲ. ‘ದಿವಾಚರ ಗೌಳಿ’ಯಂತೂ ಈ ಜಿಲ್ಲೆಯಲ್ಲಿ ಸಲ್ಲದು. ಗೌಳಿ ಎಂದರೆ ಹಲ್ಲಿ ಎಂಬ ಅರ್ಥ ನಿಘಂಟುಗಳಲ್ಲಿ ಇರುವುದು ನಿಜ. ಆದರೆ ಯಲ್ಲಾಪುರ, ಮುಂಡಗೋಡ, ಹಳಿಯಾಳಗಳ ಕಾಡಂಚಿನಲ್ಲಿ ಗೌಳಿಗಳೆಂದರೆ ಎಮ್ಮೆ, ದನ ಸಾಕಿಕೊಂಡು ಬಾಳುತ್ತಿರುವ ಜನ, ಮತ್ತು ನಿಮ್ಮ ಫಲಕವನ್ನು ಅವರ ಮಕ್ಕಳೂ ಓದುತ್ತಾರೆ.

ಕಾರವಾರದಿಂದ:

‘ಗೆಕೊ’ ಎಂದೇ ಉಳಿಸಿಕೊಂಡರೆ ಇಷ್ಟೆಲ್ಲ ಚರ್ಚೆಯ ಅಗತ್ಯವಿರಲಿಲ್ಲ. ಬಸ್ಸು, ರೈಲುಗಳನ್ನು ಕನ್ನಡ ಜೀರ್ಣಿಸಿಕೊಂಡಿಲ್ಲವೇ?

ಕುಮಟೆಯಿಂದ:

ಬಸ್ಸು ನಮ್ಮಲ್ಲಿ ಇರಲಿಲ್ಲ, ಹಲ್ಲಿ ಇತ್ತು. ‘ಗೆಕೊ’ ಎಂಬುದು ಅದರ ಕೂಗನ್ನೇ ಅನುಕರಿಸಿದ ಮಲಯ್ ಮಾತು. ಇಂಗ್ಲಿಷಿಗೆ ತನ್ನದೆಂಬ ಪದವಿಲ್ಲದ್ದರಿಂದ ಅದನ್ನು ಎರವಲು ತಂದುಕೊಂಡಿತು. ಹಳಗನ್ನಡದ ಪಲ್ಲಿಯಿಂದ ಬಂದ ಹಲ್ಲಿ ಮನೆಮನೆಯಲ್ಲೂ ಬಳಕೆಯಲ್ಲಿರುವ ನಮಗೆ ಆ ಕೊರತೆ ಇಲ್ಲ. ವೈಜ್ಞಾನಿಕ ಹೆಸರಿನ ಮಾತು ಬೇರೆ: ನಮ್ಮ ಜಿಲ್ಲೆಯ ಗುಂದದ ಮಾದರಿಯಿಂದ 2002ರಲ್ಲಿ ಹೆಸರು ಪಡೆದ ನೆಮಾಸ್ಪಿಸ್ ಇಂದ್ರನೀಲ್‌ದಾಸಿಯನ್ನು ಅದರ ಹತ್ತಿರದ ಪ್ರಭೇದಗಳಿಂದ ಬೇರೆ ಮಾಡಿ ಹೇಳಲು ಆ ಹೆಸರು ಬೇಕೇ ಬೇಕು. ಆದ್ದರಿಂದ ಮೇಲೆ ದೊಡ್ಡಕ್ಷರದಲ್ಲಿ ‘ಹಗಲುಹಲ್ಲಿ’ ಎಂದು ಒಂದೇ ಪದವಾಗಿ ಕೂಡಿಸಿ ಬರೆದು, ಕೆಳಗೆ ವೈಜ್ಞಾನಿಕ ಹೆಸರನ್ನು ಸಣ್ಣಕ್ಷರದಲ್ಲಿ ಕೊಡಿ.