ಪದಚರ್ಚೆ: ಪರ್ಕ್ಯುಟೇನಿಯಸ್, ನರ, ಸ್ಟೆಂಟ್ – ರೋಗಿಗೆ ತಿಳಿಯುವ ಕನ್ನಡ ಯಾವುದು?

ಎಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯ ಒಂದು ದವಾಖಾನೆಗೆ ನಾಲ್ಕು ಪುಟದ ತಿಳಿವಳಿಕೆ ಹಾಳೆ ಬರೆದುಕೊಡುತ್ತಿದ್ದೇನೆ. ಹೊಟ್ಟೆ, ಬೆನ್ನು ಕೊಯ್ಯದೆ, ಚರ್ಮದಲ್ಲಿ ಒಂದು ಸಣ್ಣ ತೂತು ಮಾಡಿ ಒಳಗೆ ಹೋಗುವ ಚಿಕಿತ್ಸೆಗಳ ಬಗ್ಗೆ. ರೋಗಿಯ ಕೈಗೆ ಕೊಡುವ ಹಾಳೆ ಇದು. ಮೊದಲ ಸಾಲಿನ ಮೊದಲ ಪದಕ್ಕೇ ತಡೆದು ನಿಂತಿದ್ದೇನೆ. ಪರ್ಕ್ಯುಟೇನಿಯಸ್.

ಲ್ಯಾಟಿನ್ನಿನಲ್ಲಿ ‘ಪೆರ್’ ಅಂದರೆ ಮೂಲಕ, ‘ಕುಟಿಸ್’ ಅಂದರೆ ಚರ್ಮ. ಪಿಸಿಎನ್ಎಲ್, ಪಿಟಿಸಿಎ, ಪಿಟಿಬಿಡಿ ಅಂತ ಕೇಸ್ ಪೇಪರಿನಲ್ಲಿ ಬರೆದಿರುತ್ತಾರಲ್ಲ, ಆ ಎಲ್ಲದರ ಮೊದಲ ‘ಪಿ’ ಇದೇ. ಮೊದಲನೆಯದರಲ್ಲಿ ಬೆನ್ನಿನಿಂದ ದಾರಿ ಮಾಡಿ ಕಿಡ್ನಿಯ ಹರಳು ತೆಗೆಯುತ್ತಾರೆ. ಇನ್ನೊಂದರಲ್ಲಿ ಹೃದಯದ ರಕ್ತನಾಳವನ್ನು ಬಲೂನಿನಿಂದ ಅಗಲ ಮಾಡುತ್ತಾರೆ. ಮತ್ತೊಂದರಲ್ಲಿ ಲಿವರಿನಲ್ಲಿ ಕಟ್ಟಿಕೊಂಡ ಪಿತ್ತವನ್ನು ಪೈಪಿನಿಂದ ಹೊರಗೆ ಹರಿಸುತ್ತಾರೆ. ಅಂಗ ಬೇರೆ, ಕೆಲಸ ಬೇರೆ. ಹೊಕ್ಕುವ ರೀತಿ ಮಾತ್ರ ಒಂದು.

ಈ ಪದಗಳ ಬಗ್ಗೆ ನನಗೆ ಇಷ್ಟು ಕಳಕಳಿ ಬಂದದ್ದು ನಮ್ಮ ದೊಡ್ಡಪ್ಪನಿಂದ. ರೋಣ ತಾಲ್ಲೂಕಿನ ರೈತರು. ಕಿಡ್ನಿಯಲ್ಲಿ ಎರಡು ಸೆಂಟಿಮೀಟರಿಗಿಂತ ದೊಡ್ಡ ಹರಳು ಇತ್ತು. ಸಣ್ಣ ಹರಳಾಗಿದ್ದರೆ ಹೊರಗಿನಿಂದ ಅಲೆ ಕೊಟ್ಟು ಪುಡಿ ಮಾಡಬಹುದು. ಇಲ್ಲವೇ ಮೂತ್ರ ಬರುವ ದಾರಿಯಿಂದಲೇ ದುರ್ಬೀನು ಹಾಕಿ ಒಡೆಯಬಹುದು. ಅಷ್ಟು ದೊಡ್ಡದಕ್ಕೆ ಸಾಮಾನ್ಯವಾಗಿ ಪಿಸಿಎನ್ಎಲ್ ಹೇಳುತ್ತಾರೆ. ಇವರಿಗೂ ಅದನ್ನೇ ಹೇಳಿದರು. ಒಪ್ಪಿಗೆ ಪತ್ರ ಕನ್ನಡದಲ್ಲೇ ಇತ್ತು. ‘ಪರ್ಕ್ಯುಟೇನಿಯಸ್ ನೆಫ್ರೋಲಿಥಾಟಮಿ ಎಂಬ ಕನಿಷ್ಠ ಆಕ್ರಮಣಕಾರಿ ಕಾರ್ಯವಿಧಾನಕ್ಕೆ ನಾನು ಸ್ವಇಚ್ಛೆಯಿಂದ ಸಮ್ಮತಿಸುತ್ತೇನೆ.’ ದೊಡ್ಡಪ್ಪ ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು ಎರಡು ಸಲ ಓದಿದರು. ಆಮೇಲೆ ನನ್ನ ಕಡೆ ನೋಡಿ ಕೇಳಿದರು:

“ತಮ್ಮಾ, ಇದರಾಗ ಎಲ್ಲಿ ಕೊಯ್ತಾರ, ಎಷ್ಟು ಕೊಯ್ತಾರ ಅನ್ನೂದು ಎಲ್ಲೈತೋ?”

“ಕೊಯ್ಯೂದಿಲ್ಲ ದೊಡ್ಡಪ್ಪಾ, ಬರೇ ಒಂದು ಸಣ್ಣ ತೂತು” ಅಂದೆ. ಸಹಿ ಹಾಕಿದರು.

ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ. ಅವರು ಅದನ್ನು ಸೂಜಿ ಮಾಡಿಸಿಕೊಂಡು ಮನೆಗೆ ಬಂದಂತೆ ಅಂದುಕೊಂಡಿದ್ದರು. ಪೂರ್ತಿ ನಿದ್ದೆ ಬರಿಸಿ, ಬೋರಲು ಮಲಗಿಸಿ, ಬೆನ್ನಿನಿಂದ ಕಿಡ್ನಿಗೆ ಸುಮಾರು ಒಂದು ಸೆಂಟಿಮೀಟರ್ ಅಗಲದ ದಾರಿ ಮಾಡುತ್ತಾರೆ ಅಂತ ಯಾರೂ ಬಿಡಿಸಿ ಹೇಳಿರಲಿಲ್ಲ. ಎಚ್ಚರವಾದಾಗ ಬೆನ್ನಿನಲ್ಲಿ ಪೈಪು, ಮಂಚದ ಪಕ್ಕದ ಚೀಲದಲ್ಲಿ ಕೆಂಪು ಮೂತ್ರ. ದೊಡ್ಡವ್ವ ಸೆರಗು ಬಾಯಿಗೆ ಹಿಡಿದು ಅತ್ತಳು. “ಬರೇ ತೂತು ಅಂದಿದ್ದೆಲ್ಲೋ” ಅಂದಳು. ಒಂದೆರಡು ದಿನ ಮೂತ್ರ ಕೆಂಪಗೆ ಬರುವುದು ಈ ಆಪರೇಷನ್ನಿನಲ್ಲಿ ಸಹಜ. ಆದರೆ ಅದನ್ನು ಮೊದಲೇ ಕೇಳಿದವರಿಗೆ ಮಾತ್ರ ಅದು ಸಹಜ.

ಹಾಗಾಗಿ ನನ್ನ ಕೇಳಿಕೆ ಬರೀ ನಿಘಂಟಿನದ್ದಲ್ಲ. ಪದ ಓದಿದ ಕೂಡಲೇ ತನ್ನ ಮೈಗೆ ಏನಾಗುತ್ತದೆ ಅಂತ ರೋಗಿಗೆ ಕಾಣಬೇಕು.

ಈಗ ಒಂದೊಂದಾಗಿ. ‘ಚರ್ಮದ ಮೂಲಕ’ ಅಂತ ಬರೆದು ನೋಡಿದೆ. “ಮುಲಾಮ ಹಚ್ಚೂದೇನು?” ಅಂತ ದೊಡ್ಡವ್ವ ಕೇಳಿದಳು. ಅವಳ ಪ್ರಶ್ನೆ ಸರಿಯೇ. ಮೈಗೆ ಅಂಟಿಸುವ ಪಟ್ಟಿಯಿಂದ ಔಷಧ ಇಳಿಯುವುದೂ ಚರ್ಮದ ಮೂಲಕವೇ ಅಲ್ವಾ? ಇನ್ಸುಲಿನ್ ಚುಚ್ಚುವುದು ಚರ್ಮದಡಿಗೆ. ಬಿಸಿಜಿ ಲಸಿಕೆ ಹಾಕುವುದು ಚರ್ಮದ ಪದರದೊಳಗೇ. ಇದು ಹಾಗಲ್ಲ, ಚರ್ಮವನ್ನು ದಾಟಿ ಒಳಗಿನ ಅಂಗದ ತನಕ ಹೋಗುವುದು. ‘ಚರ್ಮದ ಮೇಲಿಂದ’ ಅಂದರೆ ನಮ್ಮ ಕಡೆ ಒಂದು ಅನುಕೂಲ ಇದೆ. ಅಣ್ಣಿಗೇರಿ ಮೇಲಿಂದ ಗದಗಿಗೆ ಹೋಗುವ ಬಸ್ಸು ಅನ್ನುತ್ತೇವಲ್ಲ, ಆ ಅರ್ಥದ ‘ಮೇಲಿಂದ’. ಆದರೆ ಬೇರೆ ಕಡೆಯವರಿಗೆ ಅದು ಚರ್ಮದ ಮೇಲ್ಭಾಗ ಅಂತಲೇ ಕೇಳಿಸುತ್ತದೆ.

‘ತ್ವಚಾಭೇದಕ’ ಅಂತ ಒಬ್ಬರು ಸೂಚಿಸಿದರು. ಪುಸ್ತಕಕ್ಕೆ ಸರಿ ಇರಬಹುದು, ವಾರ್ಡಿಗೆ ಬೇಡ. ‘ತೊಗಲು’ ನನಗೆ ಇಷ್ಟದ ಪದ. ತಮಿಳಿನ ತೋಲ್, ತೆಲುಗಿನ ತೋಲು ಇದರ ಒಡಹುಟ್ಟುಗಳು. ಆದರೆ ನಮ್ಮಲ್ಲಿ ಅದನ್ನು ಕೇಳಿದರೆ ತೊಗಲುಗೊಂಬೆ ನೆನಪಾಗುತ್ತದೆ, ಇಲ್ಲವೇ ‘ತೊಗಲ ಸುಲೀತೀನಿ’ ಅನ್ನುವ ಬೈಗುಳ. ಆಪರೇಷನ್ನಿಗೆ ಹೋಗುವವರ ಕೈಗೆ ಆ ಪದ ಕೊಡಲು ಮನಸ್ಸು ಬರಲಿಲ್ಲ. ಸದ್ಯಕ್ಕೆ ‘ಚರ್ಮದಲ್ಲಿ ತೂತು ಮಾಡಿ ಒಳಗೆ ಹೋಗುವ ಚಿಕಿತ್ಸೆ’ ಅಂತ ಉದ್ದಕ್ಕೇ ಬರೆದಿದ್ದೇನೆ. ಉದ್ದ ಆದರೂ ಕೇಳಿದವರು ಮರುಪ್ರಶ್ನೆ ಹಾಕುವುದಿಲ್ಲ.

ಒಳಗೆ ಹೋಗುವುದು ಹೇಗೆ ಅನ್ನುವುದನ್ನು ಹಾಳೆಯಲ್ಲಿ ಹೇಳಲೇಬೇಕು ಅಂತ ನನ್ನ ಹಟ. ಬಹುಪಾಲು ಚಿಕಿತ್ಸೆಗಳ ಬುಡದಲ್ಲಿ ಇರುವುದು ಒಂದೇ ಉಪಾಯ. ಸ್ವೀಡನ್ನಿನ ಸ್ವೆನ್ ಐವರ್ ಸೆಲ್ಡಿಂಗರ್ ಅದನ್ನು 1953ರಲ್ಲಿ ಪ್ರಕಟಿಸಿದರು. ಮೊದಲು ಪೊಳ್ಳು ಸೂಜಿ ಚುಚ್ಚುವುದು. ಸೂಜಿಯೊಳಗಿಂದ ಬಳುಕುವ ತಂತಿ ತೂರಿಸುವುದು. ತಂತಿ ಅಲ್ಲೇ ಬಿಟ್ಟು ಸೂಜಿ ಹೊರಗೆ ಎಳೆಯುವುದು. ಆಮೇಲೆ ದಾರಕ್ಕೆ ಮಣಿ ಪೋಣಿಸಿದಂತೆ ತಂತಿಯ ಮೇಲೆ ಪೈಪು ಪೋಣಿಸಿ ಒಳಗೆ ನೂಕುವುದು. ಅಲ್ಟ್ರಾಸೌಂಡ್ ಇಲ್ಲವೇ ಎಕ್ಸ್‌ರೇ ಪರದೆ ನೋಡಿಕೊಂಡು ಇದೆಲ್ಲ ನಡೆಯುತ್ತದೆ. ಕಿಡ್ನಿಗೆ ಈ ದಾರಿಯನ್ನು ಇನ್ನೂ ಅಗಲ ಮಾಡಿ ಹರಳು ತೆಗೆದದ್ದನ್ನು ಸ್ವೀಡನ್ನಿನವರೇ 1976ರಲ್ಲಿ ವರದಿ ಮಾಡಿದರು. ಆ ತಂತಿಯನ್ನು ‘ದಾರಿತಂತಿ’ ಅಂತ ಬರೆದಿದ್ದೇನೆ. ಕೇಳಿದವರಿಗೆಲ್ಲ ತಿಳಿಯಿತು. ಇದಕ್ಕೆ ನಿಮ್ಮ ಒಪ್ಪಿಗೆ ಬೇಕು.

‘ಕನಿಷ್ಠ ಆಕ್ರಮಣಕಾರಿ’ಯನ್ನು ಮಾತ್ರ ದಯವಿಟ್ಟು ಎಲ್ಲರೂ ಸೇರಿ ಬಿಡಿಸಬೇಕು. ಇಂಗ್ಲಿಷಿನ ‘ಇನ್ವೇಸಿವ್’ ಪದದ ಮೂಲದಲ್ಲಿ ಇರುವುದು ‘ಒಳಹೊಗು’ ಅನ್ನುವ ಅರ್ಥ. ಅದನ್ನು ಯುದ್ಧಕ್ಕೆ ಎಳೆದು ‘ಆಕ್ರಮಣ’ ಮಾಡಿದ್ದೇವೆ. ಕಾಯಿಲೆಯವನ ಮೈಮೇಲೆ ಡಾಕ್ಟರು ದಂಡೆತ್ತಿ ಹೋಗುತ್ತಾರಾ? ‘ಕಡಿಮೆ ಗಾಯದ ಚಿಕಿತ್ಸೆ’ ಅಂದರೆ ಸಾಕು. ಹೊರಗಿನ ಗಾಯ ಕಡಿಮೆ, ನೋವು ಕಡಿಮೆ, ಬೇಗ ಮನೆಗೆ ಹೋಗಬಹುದು. ಇವೆಲ್ಲ ನಿಜ. ಆದರೆ ಅದರ ಬೆನ್ನಿಗೇ ಇನ್ನೊಂದು ಸಾಲು ಇರಲೇಬೇಕು: ‘ತೂತು ಸಣ್ಣದು, ಒಳಗಿನ ಕೆಲಸ ಸಣ್ಣದಲ್ಲ.’ ಪಿಸಿಎನ್ಎಲ್‌ನಲ್ಲಿ ರಕ್ತ ಹೋಗಿ ರಕ್ತ ಕೊಡಬೇಕಾಗಬಹುದು. ನಂಜು ಏರಿ ಚಳಿಜ್ವರ ಬರಬಹುದು. ಅಪರೂಪಕ್ಕೆ ಪಕ್ಕದ ಕರುಳಿಗೋ ಎದೆಯ ಪೊರೆಗೋ ಪೆಟ್ಟಾಗಬಹುದು. ಹರಳಿನ ಚೂರು ಉಳಿದು ಇನ್ನೊಮ್ಮೆ ಮಾಡಬೇಕಾಗಬಹುದು.

‘ಕಾರ್ಯವಿಧಾನ’ಕ್ಕೆ ಕಚೇರಿ ಫೈಲಿನ ವಾಸನೆ ಇದೆ. ನಿದ್ದೆ ಬರಿಸಿ ಮಾಡುವುದಿದ್ದರೆ ನೇರವಾಗಿ ಆಪರೇಷನ್ ಅನ್ನೋಣ. ಆಗ ಜನ ಉಪವಾಸ ಇರುತ್ತಾರೆ, ಜೊತೆಗೆ ಒಬ್ಬರನ್ನು ಕರೆತರುತ್ತಾರೆ, ಮನೆಗೆಲಸಕ್ಕೆ ವ್ಯವಸ್ಥೆ ಮಾಡಿಬರುತ್ತಾರೆ. ಕುತ್ತಿಗೆಯ ಗಂಟಿನಿಂದ ಸೂಜಿಯಲ್ಲಿ ಮಾದರಿ ತೆಗೆಯುವುದಿದ್ದರೆ ‘ಸೂಜಿ ಪರೀಕ್ಷೆ’ ಸಾಕು. ಅರಿವಳಿಕೆಗೂ ಮೂರು ಮಾತು ಬೇಕು: ಆ ಜಾಗಕ್ಕಷ್ಟೇ ಜೋಮು ಹಿಡಿಸುವುದು, ಮಂಪರು ಬರಿಸುವುದು, ಪೂರ್ತಿ ನಿದ್ದೆ ಬರಿಸುವುದು.

ಇನ್ನು ‘ನರ’. ಇದು ನಿಜಕ್ಕೂ ತೊಡಕಿನ ಪದ. ಸಲಾಯಿನ್ ಹಚ್ಚುವಾಗ ಸಿಸ್ಟರ್ “ನರಾ ಸಿಗವಲ್ದು” ಅನ್ನುತ್ತಾರೆ. ಅಲ್ಲಿ ನರ ಅಂದರೆ ರಕ್ತನಾಳ. ಲಕ್ವ ಹೊಡೆದಾಗ ‘ನರದ ಡಾಕ್ಟರ’ ಹತ್ತಿರ ಹೋಗುತ್ತೇವೆ. ಅಲ್ಲಿ ನರ ಬೇರೆಯೇ. ಆಂಜಿಯೋಪ್ಲಾಸ್ಟಿಗೆ, ಅಂದರೆ ಹೃದಯದ ಬಲೂನ್ ಚಿಕಿತ್ಸೆಗೆ, ಬಂದವರಿಗೆ “ಕೈ ನರದಿಂದ ಹೋಗಿ ಹಾರ್ಟ್ ನೋಡ್ತೇವಿ” ಅಂದರೆ, ನರಕ್ಕೆ ಪೆಟ್ಟು ಬಿದ್ದು ಕೈ ಸತ್ತೇ ಹೋಗುತ್ತದೆ ಅಂತ ಹೆದರಿ ಎದ್ದು ಹೋದವರನ್ನು ನಾನು ಕಂಡಿದ್ದೇನೆ. ಪಠ್ಯಪುಸ್ತಕದ ಅಪಧಮನಿ, ಅಭಿಧಮನಿ ಒಂದರ ಹಾಗೇ ಇನ್ನೊಂದು ಕೇಳಿಸುತ್ತವೆ. ಪರೀಕ್ಷೆ ಮುಗಿದ ಮರುದಿನ ಮಕ್ಕಳೂ ಮರೆಯುತ್ತಾರೆ. ನಾನು ಬರೆದದ್ದು ಹೀಗೆ: ‘ಮಣಿಕಟ್ಟಿನಲ್ಲಿ ನಾಡಿ ನೋಡುವ ಜಾಗದ ರಕ್ತನಾಳದಲ್ಲಿ ಚುಚ್ಚಿ, ಅಲ್ಲಿಂದ ಸಣ್ಣ ಪೈಪನ್ನು ಹೃದಯದ ತನಕ ಒಯ್ಯುತ್ತಾರೆ.’ ನಾಡಿ ನೋಡುವ ಜಾಗ ಎಲ್ಲರಿಗೂ ಗೊತ್ತು. 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಹೃದಯಕ್ಕೆ ಮೊದಲ ಬಲೂನ್ ಚಿಕಿತ್ಸೆ ಮಾಡಿದಾಗ ರೋಗಿ ಎಚ್ಚರವಾಗಿಯೇ ಇದ್ದ. ಈಗಲೂ ಸಾಮಾನ್ಯವಾಗಿ ಹಾಗೆಯೇ. ಇದನ್ನು ಹೇಳಿದರೆ ಅರ್ಧ ಭಯ ಇಳಿಯುತ್ತದೆ. ತೊಡೆಸಂದಿಯಿಂದ ಹೋಗಿದ್ದರೆ ಆಮೇಲೆ ಕೆಲವು ಗಂಟೆ ಕಾಲು ಮಡಚದೆ ಮಲಗಬೇಕು, ಅದೂ ಹಾಳೆಯಲ್ಲಿ ಬೇಕು.

‘ರಕ್ತ ತೆಳು ಮಾಡುವ ಗುಳಿಗೆ’ ಬಗ್ಗೆಯೂ ಕೇಳಬೇಕಿದೆ. ಆಪರೇಷನ್ನಿಗೆ ಮುಂಚೆ ದೊಡ್ಡಪ್ಪನನ್ನು ಸಿಸ್ಟರ್ ಹೀಗೇ ಕೇಳಿದ್ದರು. “ಇಲ್ರೀ, ನನಗ ರಕ್ತ ಮೊದಲ ಕಮ್ಮಿ ಐತಿ, ತೆಳು ಯಾಕ ಮಾಡ್ಕೊಳ್ಲಿ?” ಅಂದರು. ಆದರೆ ಅಂಗಿಯ ಒಳಜೇಬಿನಲ್ಲಿ, ಬಸ್ ಟಿಕೆಟ್ಟಿನ ಜೊತೆ ಮಡಚಿಟ್ಟ ಆಸ್ಪಿರಿನ್ 75ರ ಪಟ್ಟಿ ಇತ್ತು. ಅವರ ಬಾಯಲ್ಲಿ ಅದು ‘ಹಾರ್ಟಿನ ಗುಳಿಗಿ’. ಸಿಸ್ಟರ್ ಕಣ್ಣಿಗೆ ಬಿದ್ದದ್ದರಿಂದ ಆಪರೇಷನ್ ಮುಂದಕ್ಕೆ ಹಾಕಿದರು. ಆ ಗುಳಿಗೆ ರಕ್ತವನ್ನು ತೆಳುವೇನೂ ಮಾಡುವುದಿಲ್ಲ, ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಅದಕ್ಕೇ ಚುಚ್ಚಿದ ಜಾಗದಲ್ಲಿ ರಕ್ತ ಬೇಗ ನಿಲ್ಲುವುದಿಲ್ಲ. ಹಾಗಂತ ರೋಗಿ ತಾನೇ ಅದನ್ನು ಬಿಟ್ಟುಬಿಡಬಾರದು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಅನ್ನುವ ಸಣ್ಣ ಜಾಲರಿ ಹಾಕಿಸಿಕೊಂಡವರು ಸುಮ್ನೆ ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಗಟ್ಟಿಯಾಗಬಹುದು. ಯಾವುದನ್ನು, ಎಷ್ಟು ದಿನ ಬಿಡಬೇಕು ಅಂತ ಡಾಕ್ಟರೇ ಹೇಳಬೇಕು. ಹಾಳೆಯಲ್ಲಿ ಪದ ಹುಡುಕುವುದನ್ನೇ ಬಿಟ್ಟು ‘ನೀವು ನುಂಗುವ ಎಲ್ಲ ಗುಳಿಗೆಯ ಪಟ್ಟಿಗಳನ್ನೂ ಚೀಲದಲ್ಲಿ ತನ್ನಿ’ ಅಂತ ಬರೆದೆ. ಸಕ್ಕರೆ ಕಾಯಿಲೆಯದು, ನಾಟಿ ಔಷಧ, ಎಲ್ಲ. ಹಿಂದೆ ಎಕ್ಸ್‌ರೇ ಬಣ್ಣದ ಔಷಧ ಚುಚ್ಚಿದಾಗ ಮೈಯೆಲ್ಲ ಗಂಧೆ ಎದ್ದಿತ್ತಾ, ಬಸುರಿ ಇರಬಹುದಾ, ಇವನ್ನೂ ಕೇಳಿದ್ದೇನೆ.

ಕೊನೆಯದು ಸ್ಟೆಂಟ್. ಇದರಲ್ಲೇ ನನಗೆ ನಿಮ್ಮ ಸಹಾಯ ಜಾಸ್ತಿ ಬೇಕು.

ದೊಡ್ಡಪ್ಪನನ್ನು ಮನೆಗೆ ಕಳಿಸುವಾಗ ಕಿಡ್ನಿಯಿಂದ ಮೂತ್ರಕೋಶದ ತನಕ ಒಳಗೆ ಒಂದು ಸಣ್ಣ ಪೈಪು ಬಿಟ್ಟಿದ್ದರು. ಮೂತ್ರ ಸರಾಗ ಇಳಿಯಲಿ ಅಂತ. ಡಿಸ್ಚಾರ್ಜ್ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ‘ಡಿಜೆ ಸ್ಟೆಂಟ್’ ಅಂತ ಇತ್ತು. ನಾಲ್ಕು ವಾರಕ್ಕೆ ಬನ್ನಿ ಅಂತಲೂ ಇತ್ತು. ನೋವು ಇರಲಿಲ್ಲ, ಹಿಂಗಾರಿ ಬಿತ್ತನೆ ಇತ್ತು. ಪಕ್ಕದ ಮನೆಯವರಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು, ನಮ್ಮ ಊರಲ್ಲಿ ಅದನ್ನು ಸ್ಪ್ರಿಂಗ್ ಅನ್ನುತ್ತಾರೆ. “ಸ್ಟೆಂಟ್ ಅಂದ್ರ ಸಾಯೂತನಕ ಒಳಗ ಇರ್ತದ, ಚಿಂತಿ ಬಿಡ್ರಿ” ಅಂತ ಅವರು ಧೈರ್ಯ ಹೇಳಿದರು. ತಮ್ಮದರ ಮಟ್ಟಿಗೆ ಅವರು ಹೇಳಿದ್ದು ಖರೇ. ಎಂಟು ತಿಂಗಳ ಮೇಲೆ ದೊಡ್ಡಪ್ಪನಿಗೆ ಮೂತ್ರದಲ್ಲಿ ರಕ್ತ, ಬೆನ್ನುನೋವು, ಚಳಿ. ಪೈಪಿನ ಮೇಲೆಯೇ ಹರಳು ಕಟ್ಟಿತ್ತು. ಹತ್ತು ನಿಮಿಷದಲ್ಲಿ ತೆಗೆಯಬಹುದಾಗಿದ್ದ ಪೈಪಿಗೆ ಮತ್ತೊಂದು ಆಪರೇಷನ್ ಆಯಿತು.

ಹೃದಯದ್ದು ಜಾಲರಿ, ಒಳಗೇ ಇರುತ್ತದೆ. ಮೂತ್ರನಾಳದ್ದು ತಾತ್ಕಾಲಿಕ ಪೈಪು, ತೆಗೆಸಲೇಬೇಕು. ಎರಡಕ್ಕೂ ಒಂದೇ ಹೆಸರು. ಡಿಜೆ ಅಂದರೆ ಡಬಲ್ ಜೆ, ಎರಡೂ ತುದಿ ಆ ಅಕ್ಷರದಂತೆ ಬಾಗಿರುತ್ತವೆ, ಪೈಪು ಜಾರದಿರಲಿ ಅಂತ. ನಮ್ಮ ಹುಡುಗರಿಗೆ ಡಿಜೆ ಅಂದರೆ ಗಣಪತಿ ಮೆರವಣಿಗೆಯ ಸೌಂಡ್ ಅಷ್ಟೇ. ಮೊದಲು ‘ನಳಿಗೆ’ ಅಂತ ಬರೆದೆ. “ನಳಾ ಅಂದ್ರ ನೀರು ಬರೂದಲ್ಲೇನೋ?” ಅಂದಳು ದೊಡ್ಡವ್ವ. ಆಮೇಲೆ ‘ಜೋಡಿ ಕೊಕ್ಕೆ ಪೈಪು’ ಅಂತ ಬರೆದೆ. ದೊಡ್ಡಪ್ಪನಿಗೆ ಓದಿ ಹೇಳಿದಾಗ ಎರಡೂ ತೋರುಬೆರಳು ಬಾಗಿಸಿ ತೋರಿಸಿದರು: “ಹಿಂಗ?” ಹೌದು, ಹಾಗೇ.

ಈಗ ಕರಡಿನಲ್ಲಿ, ದಪ್ಪ ಅಕ್ಷರದಲ್ಲಿ, ಇಷ್ಟು ಇದೆ:

‘ನಿಮ್ಮ ಒಳಗೆ ಜೋಡಿ ಕೊಕ್ಕೆ ಪೈಪು ಇಟ್ಟಿದ್ದೇವೆ. ಇದು ಹೃದಯಕ್ಕೆ ಹಾಕುವ ಸ್ಪ್ರಿಂಗ್ ಅಲ್ಲ. ನೋವು ಇರಲಿ, ಇಲ್ಲದಿರಲಿ, ಇದನ್ನು ತೆಗೆಸಬೇಕು. ತೆಗೆಸುವ ತಾರೀಖು: ______. ಅದಕ್ಕಿಂತ ಮೊದಲೇ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ರಕ್ತದ ಗಡ್ಡೆ ಬಿದ್ದರೆ, ತಡಮಾಡದೆ ಬನ್ನಿ.’

ಹಾವೇರಿ, ರಾಣೆಬೆನ್ನೂರು ಕಡೆಯವರು ‘ಕೊಕ್ಕೆ’ ಅನ್ನುತ್ತೀರಾ, ‘ಕೊಂಡಿ’ ಅನ್ನುತ್ತೀರಾ? ಮೈಸೂರು, ಮಂಗಳೂರು ಕಡೆ ರಕ್ತನಾಳಕ್ಕೂ ‘ನರ’ ಅನ್ನುತ್ತಾರಾ? ಮನೆಯ ಹಿರಿಯರಿಗೆ ಈ ನಾಲ್ಕು ಸಾಲು ಒಮ್ಮೆ ಓದಿ ಹೇಳಿ, ಅವರು ತಿರುಗಿ ಏನು ಕೇಳಿದರು ಅನ್ನುವುದನ್ನೇ ಬರೆದು ಕಳಿಸಿ. ಮುಂದಿನ ಸೋಮವಾರ ಹಾಳೆ ಪ್ರೆಸ್ಸಿಗೆ ಹೋಗುತ್ತದೆ.